ಬಂಡೆಯ ಬರಹದಿಂದ ಶಾಲೆಯ ಸೂಚನಾಪತ್ರದವರೆಗೆ

ಪ್ರತಿ ವರ್ಷವೂ ಬೇಸಗೆಯ ರಜೆ ಮುಗಿಯುವ ಹೊತ್ತಿಗೆ ನಮ್ಮ ಪ್ರಾಥಮಿಕ ಶಾಲೆಗಳಿಂದ ಮನೆಮನೆಗೆ ಒಂದು ಸೂಚನಾಪತ್ರ ಹೋಗುತ್ತದೆ. ಶಾಲೆ ಇಂಥ ದಿನ ಆರಂಭ, ಸಮವಸ್ತ್ರ ಇಂಥದ್ದು, ಜನನ ಪ್ರಮಾಣಪತ್ರದ ಪ್ರತಿಯನ್ನು ತರತಕ್ಕದ್ದು, ಮಗು ಬಾರದಿದ್ದರೆ ಕಾರಣವನ್ನು ಬರೆದು ತಿಳಿಸತಕ್ಕದ್ದು, ಪೋಷಕರ ಸಭೆಗೆ ತಪ್ಪದೆ ಹಾಜರಾಗತಕ್ಕದ್ದು. ಇದನ್ನು ಪೂರ್ತಿಯಾಗಿ ಓದುವವರು ಕೆಲವರೇ. ಮಡಚಿ ಗೋಡೆಯ ಗೂಡಿನಲ್ಲಿಟ್ಟು ಮರೆಯುವವರು ಅನೇಕರು. ಶತಮಾನೋತ್ಸವದ ಈ ಸ್ಮರಣ ಸಂಚಿಕೆಗೆ ದೇವಾಲಯದ ಗೋಪುರ, ಗಂಟೆ, ಹಿಂದಿನ ಗುರುಗಳ ಸೇವೆ ಮುಂತಾದವನ್ನು ಕುರಿತು ಬರೆಯುವವರಿದ್ದಾರೆ. ನಾವು ಈ ಬಡ ಕಾಗದದ ಚರಿತ್ರೆಯನ್ನು ಬರೆಯಲು ಮನಸ್ಸು ಮಾಡಿದ್ದೇವೆ. ಚಳ್ಳಕೆರೆ ಮತ್ತು ಮೊಳಕಾಲ್ಮುರು ಸೀಮೆಯಲ್ಲಿ ಅದರ ಒಂದೊಂದು ಸಾಲಿಗೂ ಒಂದೊಂದು ಹಿನ್ನೆಲೆಯುಂಟು. ಮಗುವನ್ನು ಶಾಲೆಯಿಂದ ಹೊರಕ್ಕೆಳೆಯುವ ಯಾವುದೋ ಒಂದು ಬಲದ ಎದುರಿಗೆ ಆ ಸಾಲು ನಿಂತಿದೆ.

ಹಿರಿಯರು ಮನೆಗಳಿಗೆ ಮಾತು ಬರೆದು ಕಳುಹಿಸುವ ಪದ್ಧತಿ ಈ ನಾಡಿಗೆ ಪಾದ್ರಿಗಳಿಂದ ಬಂದುದಲ್ಲ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ, ಈ ಮೂರು ಸ್ಥಳಗಳಲ್ಲಿ ಅಶೋಕ ಚಕ್ರವರ್ತಿಯ ಕಿರುಶಾಸನಗಳು ಬಂಡೆಗಳ ಮೇಲೆ ಕೊರೆಯಲ್ಪಟ್ಟಿವೆ. ಕ್ರಿ. ಪೂ. 3ನೆಯ ಶತಮಾನದ ಈ ಬರಹಗಳನ್ನು 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದರು. ಬ್ರಹ್ಮಗಿರಿಯ ಶಾಸನದ ಕ್ರಮವನ್ನು ಗಮನಿಸಿದರೆ ಅದು ಇಂದಿನ ಸುತ್ತೋಲೆಯಂತೆಯೇ ಇದೆ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಅದನ್ನು ಕಳುಹಿಸಿದ್ದಾರೆ. ಮೊದಲು ಕ್ಷೇಮ ಸಮಾಚಾರ, ಬಳಿಕ ವಿಷಯ. ತಂದೆತಾಯಿಗಳಿಗೆ ವಿಧೇಯರಾಗಿರಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು, ನಂಟರೊಡನೆ ತಕ್ಕಂತೆ ನಡೆದುಕೊಳ್ಳಬೇಕು, ಇದು ಪುರಾತನವಾದ ನಡೆ ಎಂಬುದು ಅದರ ಸಾರ. ನಮ್ಮ ಶಾಲೆಗಳ ಸೂಚನಾಪತ್ರದಲ್ಲಿ ನೀತಿಯ ವಿಷಯವಾಗಿ ಬರೆಯುವುದೆಲ್ಲವೂ ಬಹುಮಟ್ಟಿಗೆ ಇಷ್ಟೇ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ನಮ್ಮ ಕುರಿಗಾಹಿಗಳು ಇಂದೂ ತಿರುಗಾಡುವ ಅದೇ ಬಂಡೆಗಳ ನಡುವೆ ಅದು ಬರೆಯಲ್ಪಟ್ಟಿತೆಂಬುದು ಮೊಳಕಾಲ್ಮುರಿನ ಮಕ್ಕಳಿಗೆ ಅಭಿಮಾನದ ವಿಷಯ.

ಆದರೆ ಆ ಬಂಡೆಯೇ ಇನ್ನೊಂದು ವಿಷಯವನ್ನೂ ತಿಳಿಸುತ್ತದೆ. ಶಾಸನದ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಬರೆದವನು ಚಪಡನೆಂಬ ಲಿಪಿಕಾರ. ಅವನು ತನ್ನ ಹೆಸರಿನ ಮುಂದೆ 'ಲಿಪಿಕಾರ' ಎಂಬ ಪದವನ್ನು ಮಾತ್ರ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಅದು ಭರತಖಂಡದ ವಾಯವ್ಯ ಭಾಗದ ಲಿಪಿ, ಬಲದಿಂದ ಎಡಕ್ಕೆ ಬರೆಯತಕ್ಕದ್ದು. ಈ ಸೀಮೆಯಲ್ಲಿ ಅದನ್ನು ಓದಬಲ್ಲವರು ಯಾರಿದ್ದರು? ತನ್ನ ವಿದ್ಯೆಯನ್ನು ಮೆರೆಯಬೇಕೆಂಬ ಆಸೆ ಚಪಡನಿಗೂ ಇದ್ದಿತೆಂದು ತೋರುತ್ತದೆ. ಅಧಿಕಾರಿಗಳು ಓದಿ ವಿವರಿಸಿದ್ದರೆ ಮಾತ್ರ ಆ ಉಪದೇಶ ಇಲ್ಲಿನ ಜನರ ಕಿವಿಗೆ ಬಿದ್ದಿರಬೇಕು. ಇಲ್ಲವಾದರೆ ಬಂಡೆಯಲ್ಲಿಯೇ ಉಳಿದಿರಬೇಕು. ಬರೆದ ಮಾತು ಮನೆಯನ್ನು ಮುಟ್ಟಿತೇ ಎಂಬುದು ಆಗಿನ ಪ್ರಶ್ನೆ, ಈಗಿನ ಪ್ರಶ್ನೆಯೂ ಅದೇ.

ಶಾಸನಗಳನ್ನು ಬೆಳಕಿಗೆ ತಂದ ರೈಸ್ ಅವರೇ ಮೈಸೂರು ಸಂಸ್ಥಾನದಲ್ಲಿ ಹೋಬಳಿಗೊಂದು ಶಾಲೆಯೆಂಬ ಯೋಜನೆಗೆ 1868ರಲ್ಲಿ ಕಾರಣರಾದವರು. ಬೆಂಗಳೂರಿನಲ್ಲಿ ಮಿಷನರಿಯ ಮಗನಾಗಿ ಹುಟ್ಟಿ ಸಂಸ್ಥಾನದ ವಿದ್ಯಾ ಇಲಾಖೆಯನ್ನು ನಡೆಸಿದ ಆ ಮಹನೀಯರು ಹಳ್ಳಿಯ ಮಗುವಿಗೆ ಓದನ್ನೂ ಹಳ್ಳಿಯ ಬಂಡೆಗೆ ಓದುಗರನ್ನೂ ಒದಗಿಸಿದರೆಂದು ಹೇಳಬಹುದು. ಅದಕ್ಕೆ ಮುಂಚೆ ಇದ್ದುದು ಐಗಳ ಕೂಲಿಮಠ. ಅಲ್ಲಿ ಶಾಲಾವರ್ಷವೆಂಬುದು ಇರಲಿಲ್ಲ. ಒಳ್ಳೆಯ ದಿನ ನೋಡಿ ಮರಳಿನ ಮೇಲೆ ಅಕ್ಷರ ತಿದ್ದಿಸಿದರೆ ಅದೇ ಆರಂಭ. ಸುಗ್ಗಿ ಬಂದರೆ ಹುಡುಗ ಹೊಲಕ್ಕೆ, ಸುಗ್ಗಿ ಮುಗಿದರೆ ಮಠಕ್ಕೆ. ಸರ್ಕಾರದ ಶಾಲೆ ಬಂದ ಮೇಲೆ ತರಗತಿ, ಹಾಜರಿ ಪುಸ್ತಕ, ಪರೀಕ್ಷೆ, ರಜೆ ಇವೆಲ್ಲ ಬಂದುವು. ಜೊತೆಗೆ ಪೋಷಕರಿಗೆ ನಿಯಮಗಳನ್ನು ತಿಳಿಸುವ ಅಗತ್ಯವೂ ಬಂದಿತು. 1913ರ ಪ್ರಾಥಮಿಕ ಶಿಕ್ಷಣದ ರೆಗ್ಯುಲೇಷನ್ನಿನಿಂದ ಸಂಸ್ಥಾನದ ಆಯ್ದ ಸ್ಥಳಗಳಲ್ಲಿ ಶಿಕ್ಷಣವು ಕಡ್ಡಾಯವೂ ಆಯಿತು.

ಇನ್ನು ನಮ್ಮ ಶ್ರೀಸಭೆಯ ಕಡೆಗೆ ಬರೋಣ. ಮೈಸೂರು ಮಿಷನ್ನಿನ ಮೇತ್ರಾಣಿಗಳಾಗಿದ್ದ ಶಾರ್ಬೊನೊ ಅವರ ಕಾಲದಲ್ಲಿ, 1854ರಲ್ಲಿ, ಗುಡ್ ಶೆಫರ್ಡ್ ಸಭೆಯ ಕನ್ಯಾಸ್ತ್ರೀಯರು ಬೆಂಗಳೂರಿಗೆ ಬಂದರು. 1882ರಲ್ಲಿ ತಾರ್ಬಿನ ಸಂತ ಜೋಸೆಫರ ಸಭೆಯವರು ಬಂದರು. ಅದೇ ಕಾಲದಲ್ಲಿ ನೆರೆಯ ಕೇರಳದಲ್ಲಿ, ಈಗ ಸಂತ ಪದವಿಯನ್ನು ಪಡೆದಿರುವ ಕುರಿಯಾಕೋಸ್ ಏಲಿಯಾಸ್ ಚಾವರ ಗುರುಗಳು ದೇವಾಲಯವಿದ್ದಲ್ಲೆಲ್ಲ ಒಂದು ಪಳ್ಳಿಕೂಡವೂ ಇರಬೇಕೆಂದು 1864ರಲ್ಲಿ ಅಪ್ಪಣೆ ಮಾಡಿದರು. 1868ರಲ್ಲಿ ತಮ್ಮ ಹುಟ್ಟೂರಾದ ಕೈನಕರಿಯ ಕುಟುಂಬಗಳಿಗೆ ಅವರು ಒಂದು ದೀರ್ಘ ಪತ್ರವನ್ನು ಬರೆದರು. ಮಕ್ಕಳನ್ನು ಕಾಲಕ್ಕೆ ಸರಿಯಾಗಿ ಶಾಲೆಗೆ ಕಳುಹಿಸಿ, ಏನು ಕಲಿತರೆಂದು ವಿಚಾರಿಸಿ, ಯಾರ ಸಂಗಡ ಸೇರುತ್ತಾರೆಂದು ನೋಡಿ ಎಂಬ ಮಾತುಗಳು ಅದರಲ್ಲಿವೆ. ಆ ಪತ್ರವನ್ನು ಮನೆಯಲ್ಲಿಟ್ಟುಕೊಂಡು ತಿಂಗಳ ಮೊದಲ ಶನಿವಾರ ಮನೆಮಂದಿಯೆಲ್ಲ ಕೂಡಿ ಓದಬೇಕೆಂದೂ ಅವರು ಕೇಳಿಕೊಂಡಿದ್ದರು. ಚಪಡನಿಗೆ ಹೊಳೆಯದೆ ಹೋದ ಉಪಾಯ ಚಾವರ ಗುರುಗಳಿಗೆ ಹೊಳೆದಿತ್ತು: ಬರೆದರೆ ಸಾಲದು, ಮನೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಬೇಕು, ಮಿಕ್ಕವರು ಕೇಳಬೇಕು.

ಆ ಕಾಲದ ಶ್ರೀಸಭೆಯ ದನಿ ಆಜ್ಞೆಯ ದನಿ. 1917ರ ಕಾನೂನು ಸಂಹಿತೆ ಕಥೋಲಿಕ ಮಕ್ಕಳು ಕಥೋಲಿಕೇತರ ಶಾಲೆಗೆ ಹೋಗಕೂಡದೆಂದು ವಿಧಿಸಿದ್ದಿತು. ಅಗತ್ಯವಿದ್ದಲ್ಲಿ ಮೇತ್ರಾಣಿಗಳೇ ಅದಕ್ಕೆ ಅವಕಾಶ ಕೊಡಬೇಕಾಗಿತ್ತು. ಬರಡು ಬಯಲಿನ ಹಳ್ಳಿಯಲ್ಲಿ ಒಂದೇ ಸರ್ಕಾರಿ ಶಾಲೆಯಿದ್ದ ಬಡ ಕುಟುಂಬ ಇಂಥ ವಿಧಿಯನ್ನು ಹೇಗೆ ಪಾಲಿಸಬೇಕು? ದ್ವಿತೀಯ ವ್ಯಾಟಿಕನ್ ಮಹಾಸಭೆ 1965ನೆಯ ಅಕ್ಟೋಬರ್ 28ರಂದು ಕ್ರೈಸ್ತ ಶಿಕ್ಷಣವನ್ನು ಕುರಿತು ಹೊರಡಿಸಿದ ಘೋಷಣೆಯಲ್ಲಿ ದನಿ ಬದಲಾಯಿತು. ತಂದೆತಾಯಿಗಳೇ ಮಕ್ಕಳ ಮೊದಲ ಮತ್ತು ಮುಖ್ಯ ಶಿಕ್ಷಕರು. ಶಾಲೆ ಅವರಿಗೆ ನೆರವಾಗತಕ್ಕದ್ದು. ಪೋಷಕರ ಸಂಘಗಳಿಗೆ ಪ್ರೋತ್ಸಾಹವಿರಬೇಕು. ಬಡವರ, ಕುಟುಂಬದ ಆಸರೆಯಿಲ್ಲದವರ, ಅನ್ಯಮತೀಯರ ಮಕ್ಕಳ ಕಡೆಗೆ ಕಥೋಲಿಕ ಶಾಲೆಗೆ ವಿಶೇಷ ಗಮನವಿರಬೇಕು ಎಂದು ಅದು ಬೋಧಿಸಿತು. ನಮ್ಮ ಸೀಮೆಗೆ ಈ ಕೊನೆಯ ಮಾತೇ ಮುಖ್ಯವಾದುದು. ಇಲ್ಲಿ ಕಥೋಲಿಕ ಕುಟುಂಬಗಳು ಬೆರಳೆಣಿಕೆಯವು. ನಮ್ಮ ಶಾಲೆಗಳ ಬೆಂಚುಗಳಲ್ಲಿ ಕುಳಿತ ಮಕ್ಕಳಲ್ಲಿ ಬಹುಪಾಲು ಅನ್ಯಮತೀಯರು. ಆದುದರಿಂದಲೇ ಸೂಚನಾಪತ್ರದಲ್ಲಿ ಕಥೋಲಿಕ ಮಕ್ಕಳಿಗೆ ಧರ್ಮೋಪದೇಶ, ಇತರರಿಗೆ ನೀತಿಪಾಠ ಎಂಬ ಸಾಲು ಇರುತ್ತದೆ. ಪೋಷಕರ ಸಮ್ಮತಿಯಿಲ್ಲದೆ ಮಗುವಿಗೆ ಧಾರ್ಮಿಕ ಬೋಧನೆ ಕೂಡದೆಂಬುದು ನಮ್ಮ ಸಂವಿಧಾನದ 28ನೆಯ ಅನುಚ್ಛೇದದ ವಿಧಿಯೂ ಹೌದು.

ಜನನ ದಿನಾಂಕದ ಸಾಲನ್ನು ಕುರಿತು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಹಿಂದೆ ಮಗುವನ್ನು ಸೇರಿಸಲು ಬಂದ ತಾಯಿಯನ್ನು ವಯಸ್ಸು ಕೇಳಿದರೆ ಅವಳು ವರ್ಷವನ್ನು ಹೇಳುತ್ತಿರಲಿಲ್ಲ. ಇಂಥ ಬರದ ಮಾರನೆಯ ವರ್ಷ, ಇಂಥ ಜಾತ್ರೆಯ ಹಿಂದಿನ ವಾರ ಎಂದು ಹೇಳುತ್ತಿದ್ದಳು. ಮೇಷ್ಟರು ಹುಡುಗನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿಯನ್ನು ಮುಟ್ಟಿಸುತ್ತಿದ್ದರು. ಮುಟ್ಟಿದರೆ ವಯಸ್ಸಾಯಿತು. ದಿನಾಂಕದ ಕಲಮಿನಲ್ಲಿ ಜೂನ್ 1 ಎಂದು ಬರೆದುಬಿಡುತ್ತಿದ್ದರು. ಕರ್ನಾಟಕದಲ್ಲಿ ಇಂದು ಮುದುಕರಾಗಿರುವ ಲಕ್ಷಾಂತರ ಜನ ಜೂನ್ ಒಂದರಂದೇ ಹುಟ್ಟಿದವರು! ನಮ್ಮ ಜನರಿಗೆ ಮಾತ್ರ ಒಂದು ಆಧಾರವಿತ್ತು. 1563ರಲ್ಲಿ ತ್ರೆಂತ್ ಮಹಾಸಭೆ ಜ್ಞಾನಸ್ನಾನದ ದಾಖಲೆಯನ್ನು ಇಡಬೇಕೆಂದು ವಿಧಿಸಿದಂದಿನಿಂದ ವಿಚಾರಣಾ ಗುರುಗಳ ಪುಸ್ತಕದಲ್ಲಿ ಕೂಲಿಯವನ ಮಗುವಿನ ಹೆಸರೂ, ತಂದೆತಾಯಿಗಳ ಮತ್ತು ಜ್ಞಾನಪೋಷಕರ ಹೆಸರೂ ದಿನಾಂಕ ಸಮೇತ ಉಳಿದುಬಂದಿವೆ. ಆ ಪುಸ್ತಕವನ್ನು ತೆರೆದು ಪ್ರಮಾಣಪತ್ರ ಬರೆದುಕೊಡುವ ಕೆಲಸ ಜೂನ್ ತಿಂಗಳಿನಲ್ಲಿ ಯಾವ ಗುರುವಿಗೂ ತಪ್ಪಿದ್ದಲ್ಲ. ಈಗ ಕಾನೂನು ಬದಲಾಗಿದೆ. 1969ರ ಜನನ ಮರಣ ನೋಂದಣಿ ಕಾಯಿದೆಗೆ ತಂದ ತಿದ್ದುಪಡಿ 2023ನೆಯ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಆ ದಿನದಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಗೆ ಸೇರುವಾಗ ಸರ್ಕಾರದ ಜನನ ಪ್ರಮಾಣಪತ್ರವೇ ಆಧಾರ; ನಮ್ಮ ಜ್ಞಾನಸ್ನಾನದ ಪತ್ರ ಅದರ ಸ್ಥಾನದಲ್ಲಿ ನಿಲ್ಲದು. 1ನೆಯ ತರಗತಿಗೆ 6 ವರ್ಷ ತುಂಬಿರಬೇಕೆಂಬ ನಿಯಮವನ್ನು 2025-26ನೆಯ ಸಾಲಿಗೆ ಮಾತ್ರ 5 ವರ್ಷ 5 ತಿಂಗಳಿಗೆ ಸಡಿಲಿಸಲಾಗಿತ್ತು. ಕಿವಿ ಮುಟ್ಟಿಸುವ ಲೆಕ್ಕ ಇನ್ನು ನಡೆಯದು.

ಎಲ್ಲಕ್ಕಿಂತ ಹಳೆಯ ಸಾಲು, ಎಲ್ಲಕ್ಕಿಂತ ಹೆಚ್ಚು ಮುರಿಯಲ್ಪಟ್ಟ ಸಾಲು, ಹಾಜರಿಯದು. ಕರಾವಳಿಯಲ್ಲಿ ಜೂನ್ ಎಂದರೆ ಮಳೆ, ಕೊಡೆ, ಒದ್ದೆ ಪುಸ್ತಕ. ಇಲ್ಲಿ ಜೂನ್ ಎಂದರೆ ಗಾಳಿ ಮತ್ತು ಧೂಳು. ಸಾಮಾನ್ಯ ವರ್ಷದಲ್ಲಿ ಚಳ್ಳಕೆರೆಯ ಮಳೆ 500 ಮಿಲಿಮೀಟರನ್ನು ಮುಟ್ಟುವುದೂ ಕಷ್ಟ. ಅದರಲ್ಲಿಯೂ ನೆಚ್ಚಬಹುದಾದ ಮಳೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳದು. ಶಾಲೆಯ ಬಾಗಿಲು ತೆರೆದ ಕೆಲವೇ ವಾರಗಳಲ್ಲಿ ಶೇಂಗಾ ಬಿತ್ತನೆ ಬರುತ್ತದೆ, ಬಳಿಕ ಕಳೆ, ದಸರೆಯ ರಜೆಯ ಆಚೀಚೆ ಕೀಳುವ ಮತ್ತು ಕಾಯಿ ಬಿಡಿಸುವ ಕೆಲಸ. ಎಣ್ಣೆ ಗಿರಣಿಗಳಿಂದಾಗಿ ಚಳ್ಳಕೆರೆಗೆ ಎಣ್ಣೆಯ ನಗರವೆಂಬ ಹೆಸರು ಬಂದುದು ನಿಜ. ಆ ಗಿರಣಿಗಳಿಗೆ ಹೋದ ಕಾಯಿಯನ್ನು ಬಿಡಿಸಿದ ಕೈಗಳಲ್ಲಿ ಎಷ್ಟು ಕೈಗಳು ಬಳಪ ಹಿಡಿಯಬೇಕಾದ ವಯಸ್ಸಿನವಾಗಿದ್ದುವು? ಹಟ್ಟಿಗಳಲ್ಲಿ ಕುರಿಯ ಹಿಂಡಿನ ಹಿಂದೆ ಮೇವನ್ನು ಅರಸುತ್ತ ದೂರ ಹೋಗುವವರು ಮಗನನ್ನೂ ಕರೆದೊಯ್ಯುತ್ತಾರೆ. ಮೊಳಕಾಲ್ಮುರಿನ ರೇಷ್ಮೆ ಸೀರೆ 2011ರಲ್ಲಿ ಭೌಗೋಳಿಕ ಗುರುತನ್ನು ಪಡೆದು ದೇಶದಲ್ಲೆಲ್ಲ ಹೆಸರಾಯಿತು. ಮಗ್ಗದ ಮನೆಯಲ್ಲಿ ಕಂಡಿಕೆ ಸುತ್ತುವ ಕೆಲಸ ಮಾತ್ರ ಬಹುಕಾಲ ಮನೆಯ ಹೆಣ್ಣುಮಕ್ಕಳ ಪಾಲಾಗಿತ್ತು. ಗೌರಸಮುದ್ರದ ಮಾರಮ್ಮನ ಜಾತ್ರೆ, ನಾಯಕನಹಟ್ಟಿಯ ತೇರು, ಇವುಗಳ ದಿನಗಳಲ್ಲಿ ತರಗತಿ ಖಾಲಿಯಾಗುವುದನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಕ್ಕಳಿಗೆ ಜಾತ್ರೆಯೂ ಬೇಕು.

ಇದನ್ನೆಲ್ಲ ಪೋಷಕರ ಉದಾಸೀನವೆಂದು ಬರೆದವರನ್ನು ನಾವು ಓದಿದ್ದೇವೆ. ನಾವು ಒಪ್ಪುವುದಿಲ್ಲ. ಮಗುವಿನ ದುಡಿಮೆಯಿಲ್ಲದೆ ಸಂಜೆಯ ಮುದ್ದೆಗೆ ಕೊರತೆ ಬೀಳುವ ಮನೆಯವರಿಗೆ ಹಾಜರಿಯ ನಿಯಮವೊಂದನ್ನೇ ಓದಿ ಹೇಳಿದರೆ ಪ್ರಯೋಜನವಿಲ್ಲ. ನಮ್ಮ ಪೂರ್ವಿಕರಿಗೆ ಇದು ತಿಳಿದಿತ್ತು. 1876ರಿಂದ 1878ರವರೆಗಿನ ಮಹಾಕ್ಷಾಮ ಮೈಸೂರು ಸೀಮೆಯ ಜನಸಂಖ್ಯೆಯನ್ನು 1871ರ ಗಣತಿಯ ಸುಮಾರು 50 ಲಕ್ಷದಿಂದ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಸಿತು. ಆಗ ಮಿಷನ್ನಿನವರು ಅನಾಥ ಮಕ್ಕಳಿಗೆ ಮೊದಲು ಗಂಜಿ ಕೊಟ್ಟರು, ಆಮೇಲೆ ಅಕ್ಷರ. 1960ರ ದಶಕದ ಬರಗಳಲ್ಲಿ ಕಥೋಲಿಕ ಪರಿಹಾರ ಸಂಸ್ಥೆಯಾದ ಸಿ. ಆರ್. ಎಸ್. ಮೂಲಕ ಅಮೆರಿಕದ ಗೋಧಿಯೂ ಹಾಲಿನ ಪುಡಿಯೂ ಭಾರತದ ಅನೇಕ ವಿಚಾರಣೆಗಳಿಗೆ ಬಂದುವು. ಆ ಹಾಲಿನ ಪುಡಿಗಾಗಿ ಮತಕ್ಕೆ ಸೇರಿದರೆಂದು ಹಳಿದವರೂ ಉಂಟು. ಹಸಿದ ಮಗುವಿಗೆ ಲೋಟ ಕೊಡುವಾಗ ಜ್ಞಾನಸ್ನಾನದ ಪುಸ್ತಕವನ್ನು ಯಾವ ತಾಯಿಯೂ ನೋಡಳು, ಗುರುವೂ ನೋಡಬಾರದು. 2001ರಲ್ಲಿ ಸರ್ವೋಚ್ಚ ನ್ಯಾಯಾಲಯ ಶಾಲೆಗಳಲ್ಲಿ ಬೇಯಿಸಿದ ಊಟವನ್ನು ಕೊಡಬೇಕೆಂದು ಆಜ್ಞಾಪಿಸಿತು. ಕರ್ನಾಟಕದಲ್ಲಿ 2002ರಲ್ಲಿ ಈಶಾನ್ಯದ 7 ಜಿಲ್ಲೆಗಳಲ್ಲಿ ಆರಂಭವಾದ ಅಕ್ಷರ ದಾಸೋಹ ಮುಂದೆ ಉಳಿದ ಜಿಲ್ಲೆಗಳಿಗೂ ಅನುದಾನಿತ ಶಾಲೆಗಳಿಗೂ ಬಂದಿತು. 2013ರಿಂದ ಕ್ಷೀರಭಾಗ್ಯದ ಹಾಲೂ ಸೇರಿತು. ಸೂಚನಾಪತ್ರದಲ್ಲಿ ಹಾಜರಿಯ ಸಾಲಿನ ಪಕ್ಕದಲ್ಲಿ ಊಟದ ಸಾಲು ಬಂದ ಮೇಲೆ ಮೊದಲನೆಯದಕ್ಕೂ ಬಲ ಬಂದಿತು. ಕಾನೂನೂ ಬಿಗಿಯಾಯಿತು. 14 ವರ್ಷದೊಳಗಿನ ಮಗುವನ್ನು ದುಡಿಮೆಗೆ ಹಚ್ಚಕೂಡದು, ಮನೆಯ ಕಸುಬಿನಲ್ಲಿ ನೆರವಾಗುವುದಾದರೆ ಶಾಲೆಯ ವೇಳೆಯ ಬಳಿಕ ಅಥವಾ ರಜೆಯಲ್ಲಿ ಮಾತ್ರ ಎಂಬುದು 2016ರ ತಿದ್ದುಪಡಿಯ ವಿಧಿ. ಮಗ್ಗದ ಮನೆಯವರೂ ಹಟ್ಟಿಯವರೂ ಇದನ್ನು ತಿಳಿದಿರಬೇಕು.

ಗುರುಗೌರವದ ಮಾತು ಬ್ರಹ್ಮಗಿರಿಯ ಬಂಡೆಯಲ್ಲಿದೆಯೆಂದು ಮೇಲೆ ಹೇಳಿದೆವು. ಅದರ ಅರ್ಥವನ್ನು ತಿಳಿಯಬೇಕಾದರೆ ನಮ್ಮ ಚಳ್ಳಕೆರೆ ತಾಲ್ಲೂಕಿನ ತಳುಕಿನತ್ತ ನೋಡಬೇಕು. ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕನ್ನಡ ಪ್ರಾಧ್ಯಾಪಕರಾದ ಟಿ. ಎಸ್. ವೆಂಕಣ್ಣಯ್ಯನವರು ಆ ಊರಿನ ಮನೆತನದವರು. ಕುವೆಂಪು ಅವರು ತಮ್ಮ 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯವನ್ನು ಅರ್ಪಿಸಿದುದು 1939ರಲ್ಲಿ ಗತಿಸಿದ ಈ ಗುರುಗಳಿಗೆ. ಇಂಥ ಗೌರವವನ್ನು ಬೆತ್ತದಿಂದ ಪಡೆಯಲಾಗದು. ಹೊಡೆದಾದರೂ ಬುದ್ಧಿ ಕಲಿಸಿ ಎಂದು ಮಗುವನ್ನು ಒಪ್ಪಿಸಿ ಹೋಗುವ ತಂದೆಯರು ಈಗಲೂ ಇದ್ದಾರೆ. 2010ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕಿನ ಕಾಯಿದೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಅಲ್ಪಸಂಖ್ಯಾತರ ಶಾಲೆಗಳಿಗೆ ಆ ಕಾಯಿದೆ ಅನ್ವಯಿಸದೆಂದು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ತೀರ್ಪಿತ್ತಿತು. ಅದನ್ನು ಬೆತ್ತಕ್ಕೆ ಸಿಕ್ಕಿದ ರಿಯಾಯಿತಿಯೆಂದು ನಮ್ಮವರಾರೂ ಭಾವಿಸಕೂಡದು.

ಕೊನೆಯದಾಗಿ ಸೂಚನಾಪತ್ರದ ಭಾಷೆ. ಈ ಸೀಮೆಯ ಅನೇಕ ಮನೆಗಳಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. 2011ರ ಜನಗಣತಿಯಲ್ಲಿ ಚಿತ್ರದುರ್ಗ ಜಿಲ್ಲೆಯ ಸಾಕ್ಷರತೆ ಶೇಕಡ 74ರ ಸಮೀಪವಿದ್ದರೆ ಸ್ತ್ರೀಯರದು ಶೇಕಡ 66ರ ಸಮೀಪ. ಎಂದರೆ ಮೂರು ಜನ ಸ್ತ್ರೀಯರಲ್ಲಿ ಒಬ್ಬರಿಗೆ ಯಾವ ಲಿಪಿಯೂ ಬಾರದು. ಇಂಥಲ್ಲಿ ಇಂಗ್ಲಿಷಿನಲ್ಲಿ ಅಚ್ಚುಹಾಕಿಸಿದ, ಈಚೆಗೆ ವಾಟ್ಸಾಪಿನಲ್ಲಿ ಕಳುಹಿಸುವ, ಸೂಚನೆಗಳು ಯಾರಿಗಾಗಿ? ಶಾಲೆಯ ಘನತೆಗಾಗಿ ಎಂದು ನಮಗೆ ತೋರುತ್ತದೆ, ಚಪಡನ ಖರೋಷ್ಠಿಯಂತೆ. 2020ರ ಮಾರ್ಚಿಯಲ್ಲಿ ಕೊರೋನಾ ರೋಗದಿಂದ ಮುಚ್ಚಿದ ಪ್ರಾಥಮಿಕ ತರಗತಿಗಳು 1ರಿಂದ 5ರವರೆಗೆ ಮತ್ತೆ ತೆರೆದುದು 2021ನೆಯ ಅಕ್ಟೋಬರ್ 25ರಂದು. ಆ ಹತ್ತೊಂಬತ್ತು ತಿಂಗಳಲ್ಲಿ ಮೊಬೈಲಿದ್ದ ಮನೆಗೆ ಪಾಠ ಬಂದಿತು, ಇಲ್ಲದ ಮನೆಯ ಮಗು ಕುರಿಯ ಹಿಂದೆ ಹೋಯಿತು. ಅದೇ ತಾಲ್ಲೂಕಿನ ಕುದಾಪುರದ ಬಯಲಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. ನಾಡಿನ ಶಾಲಾ ಶಿಕ್ಷಕರಿಗೆ ಅಲ್ಲಿ ವಿಜ್ಞಾನದ ತರಬೇತಿ ನಡೆಯುತ್ತದೆ, ಒಳ್ಳೆಯ ಕೆಲಸ. ಅದರ ಬೇಲಿಯಾಚೆಯ ಹಟ್ಟಿಗಳಿಗೆ ಶಾಲೆಯ ಮಾತು ತಲುಪಲು ಇಂದಿಗೂ ಮನುಷ್ಯನ ಕಾಲುಗಳೇ ಬೇಕು. ಕನ್ಯಾಸ್ತ್ರೀಯರೂ ಉಪಾಧ್ಯಾಯಿನಿಯರೂ ಮೇ ತಿಂಗಳ ಕೊನೆಯಲ್ಲಿ ಮನೆಮನೆಗೆ ನಡೆದು ಹೋಗಿ ಜಗಲಿಯ ಮೇಲೆ ಕುಳಿತು ಪತ್ರವನ್ನು ಓದಿ ಹೇಳಿ ಬರುವ ರೂಢಿಯೇ ಎಲ್ಲ ಯಂತ್ರಗಳಿಗಿಂತ ಮೇಲೆಂದು ನಮ್ಮ ಅಭಿಪ್ರಾಯ.

ಈ ವರ್ಷ ಹಾಗೆ ಓದಿ ಹೇಳುವಾಗ ಒಂದು ಸಾಲನ್ನು ಎರಡು ಬಾರಿ ಹೇಳಬೇಕೆಂದು ಅವರನ್ನು ಕೇಳಿಕೊಳ್ಳುತ್ತೇವೆ. ಮೊಳಕಾಲ್ಮುರು ಗಡಿಯ ತಾಲ್ಲೂಕು. 1953ರಲ್ಲಿ ಆಂಧ್ರ ರಾಜ್ಯವಾದಾಗ ರಾಯದುರ್ಗ ಅತ್ತ ಹೋಯಿತು, ಬಳ್ಳಾರಿ ಇತ್ತ ಬಂದಿತು. ಗುಳೆ ಹೋಗುವವರಿಗೆ ಈ ಗಡಿಗಳು ಲೆಕ್ಕಕ್ಕಿಲ್ಲ, ಶಾಲೆಯ ದಾಖಲೆಗೆ ಮಾತ್ರ ಲೆಕ್ಕವುಂಟು. ನಡುವರ್ಷದಲ್ಲಿ ಕೂಲಿಗಾಗಿ ಊರು ಬಿಡಬೇಕಾಗಿ ಬಂದರೆ ರಾತ್ರೋರಾತ್ರಿ ಹೋಗಬೇಡಿ. ಯಾವ ಊರಿಗೆ ಹೋಗುತ್ತೀರೆಂದು ಶಾಲೆಗೆ ಬಂದು ತಿಳಿಸಿ. ವರ್ಗಾವಣೆ ಪತ್ರವನ್ನು ಕೂಡಲೇ ಬರೆದುಕೊಡುತ್ತಾರೆ, ಅದಕ್ಕಾಗಿ ಬಾಕಿ ಹಣವನ್ನು ಕೇಳಕೂಡದೆಂದು ನಾವು ಹೇಳಿದ್ದೇವೆ. ಮಗುವನ್ನು ಇಲ್ಲಿಯೇ ಅಜ್ಜಿಯ ಬಳಿ ಬಿಟ್ಟು ಹೋಗುವುದಾದರೆ ಅಜ್ಜಿಯನ್ನೊಮ್ಮೆ ಶಾಲೆಗೆ ಕರೆತನ್ನಿ. ಹಾಜರಿ ಪುಸ್ತಕದಲ್ಲಿ ಪೋಷಕರ ಹೆಸರಿನ ಕೆಳಗೆ ಅವರ ಹೆಸರನ್ನೂ ಬರೆದುಕೊಳ್ಳುತ್ತೇವೆ.